ಅಣ್ಣನಿಗೆ ಬಿಟ್ಟುಕೊಟ್ಟ ಆಟ

ಪಾರ್ಶ್ವವಾಯು ಬಡಿದು ಅಣ್ಣನ ಬಲಗೈ ಸೋತ ಮೇಲೆ, ಅವನನ್ನು ನೋಡಲು ಇಳಕಲ್ಲಿನಿಂದ ಬಾದಾಮಿಗೆ ಹೋದಾಗಲೆಲ್ಲ ನಾನು ಹಣ್ಣು ಒಯ್ಯುತ್ತಿದ್ದೆ. ಒಮ್ಮೆ ಅವನೇ ಫೋನಿನಲ್ಲಿ, "ಹಣ್ಣ ಸಾಕವಾ. ಬರೂವಾಗ ಕಾರ್ಡ ತಗೊಂಡ ಬಾ" ಎಂದ.

ಇಸ್ಪೀಟಲ್ಲ. ಅವನು ಬಾಗಲಕೋಟೆಯ ಹಾಸ್ಟೆಲ್ಲಿನಲ್ಲಿದ್ದಾಗ ಕಲಿತು ಬಂದು ನನಗೂ ಹುಚ್ಚು ಹಿಡಿಸಿದ ಆಟ. ಮಂತ್ರ, ಮೃಗ, ಭೂಮಿಗಳ ಚಿತ್ರವಿರುವ ಐದು ಬಣ್ಣದ ಕಾರ್ಡುಗಳು. ಬೇಕಾದವನ್ನು ಆರಿಸಿ ಪ್ರತಿಯೊಬ್ಬರೂ ತಮ್ಮದೇ ಡೆಕ್, ಅಂದರೆ ಕಾರ್ಡುಗಳ ಕಟ್ಟು, ಮಾಡಿಕೊಳ್ಳಬೇಕು. ಒಂದು ಬಣ್ಣದ ಮಂತ್ರವನ್ನೋ ಮೃಗವನ್ನೋ ಇಳಿಸಲು ಅದೇ ಬಣ್ಣದ ಭೂಮಿಯ ಬಲ ಬೇಕು.

ನಾನು ನೀಲಿ ಮತ್ತು ಬಿಳಿ ಆರಿಸಿಕೊಂಡೆ. ಎದುರಿನವರ ಕಾರ್ಡು ಮೇಜಿಗಿಳಿಯುವ ಮೊದಲೇ ನೀಲಿ ಅದನ್ನು ರದ್ದು ಮಾಡುತ್ತದೆ. ಹೇಗೋ ಇಳಿದುಬಿಟ್ಟದ್ದನ್ನು ಬಿಳಿ ಅಳಿಸಿಹಾಕುತ್ತದೆ. ಎದುರಾಳಿಗೆ ಏನೂ ಮಾಡಲು ಬಿಡದೆ, ಅವನು ಬರಿಗೈಯಾದ ಮೇಲೆ ನಿಧಾನವಾಗಿ ಗೆಲ್ಲುವ ಡೆಕ್. ಮಧ್ಯಾಹ್ನ ನಮ್ಮ ಸೀರೆ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ಕಾರ್ಡುಗಳನ್ನು ಗಲ್ಲಾದ ಮೇಲೆ ಹರಡಿಕೊಂಡು ಕೂಡುತ್ತಿದ್ದೆ. ನೀಲಿ ಮಂತ್ರ ಕೈಯಲ್ಲಿದ್ದಾಗ ಬಿಳಿ ಭೂಮಿಯೇ ಬರುತ್ತಿತ್ತು. ಎರಡೂ ಬಣ್ಣಕ್ಕೆ ಬಲ ಕೊಡುವ ಭೂಮಿಗಳನ್ನು ಸೇರಿಸಿದೆ, ಮೃಗಗಳನ್ನು ತೆಗೆದೆ. ಕೊನೆಗೆ ಡೆಕ್ ನನ್ನ ಮಾತು ಕೇಳತೊಡಗಿತು. ಭಾರೀ ಹೆಮ್ಮೆಯಾಗಿತ್ತು.

ಅದನ್ನು ತೆಗೆದುಕೊಂಡು ಬಾದಾಮಿಗೆ ಹೋದೆ. ಅಣ್ಣನದು ಹಸಿರು ಡೆಕ್. ಕಾರ್ಡು ಹಿಡಿಯಲು ಬಾರದ್ದಕ್ಕೆ ಅತ್ತಿಗೆ ಥರ್ಮಾಕೋಲಿನಲ್ಲಿ ಸೀಳು ಕೊಯ್ದು, ಅದರಲ್ಲಿ ಕಾರ್ಡು ನಿಲ್ಲಿಸಿಕೊಟ್ಟಿದ್ದರು. ಅವನು ಬಹಳ ಹೊತ್ತು ಭೂಮಿಗಳ ಬಲ ಕೂಡಿಸಿಟ್ಟು, ಎಡಗೈಯಿಂದ ತಡವರಿಸುತ್ತ ದೊಡ್ಡದೊಂದು ಆನೆಯ ಕಾರ್ಡನ್ನು ಎತ್ತಿದ. ಅದು ಮೇಜು ಮುಟ್ಟುವ ಮೊದಲೇ ನನ್ನ ಬಾಯಿ "ರದ್ದು" ಎಂದಿತು. ಆಮೇಲೆ ಅವನು ಇಟ್ಟದ್ದೊಂದನ್ನೂ ನಾನು ನಿಲ್ಲಗೊಡಲಿಲ್ಲ.

ಚಹಾದ ಕಪ್ಪು ತೊಳೆಯಲು ಒಳಗೆ ಹೋದಾಗ ಅತ್ತಿಗೆ ಮೆಲ್ಲಗೆ ಹೇಳಿದರು: "ಆನಿ ಒಂದರ ಬಿಡಬೇಕಿತ್ತು ನೀ. ಮುಂಜಾನಿಂದ ಅದರದ ಮಾತು ಆಡಾಕತ್ತಿದ್ರು."

ಮುಖವೆತ್ತಲು ಆಗಲಿಲ್ಲ. ಇಳಕಲ್ಲಿಗೆ ಮರಳುವಾಗ ಹುನಗುಂದದಲ್ಲಿ ಬಸ್ಸು ಬದಲಿಸುವಾಗಲೂ ಕಣ್ಣೆದುರು ಅವನ ಎಡಗೈಯೇ ಇತ್ತು.

ಮುಂದಿನ ಸಲ ಹೋದಾಗ ನಿರ್ಧಾರ ಮಾಡಿಕೊಂಡೇ ಕೂತೆ. ಆನೆ ಬಂತು. ತಡೆಯುವ ಮಂತ್ರ ಕೈಯಲ್ಲೇ ಇತ್ತು. "ಅಯ್ಯ, ಏನೂ ಇಲ್ಲ ನನ್ನ ಹತ್ರ" ಎಂದೆ. ಆನೆ ನನ್ನನ್ನು ಮುಗಿಸಿತು. ನಾನು ಚಪ್ಪಾಳೆ ತಟ್ಟಿದೆ. ಅತ್ತಿಗೆಯ ಮುಖವೂ ಅರಳಿತು.

ಅಣ್ಣ ನಗಲಿಲ್ಲ. ಮುಂದೆ ಬಾಗಿ, ನಾನು ಬೋರಲು ಇಟ್ಟಿದ್ದ ಕಾರ್ಡುಗಳನ್ನು ಎಡಗೈಯಿಂದ ಒಂದೊಂದಾಗಿ ಮಗುಚಿದ. ನೀಲಿ ಮಂತ್ರ ಕಂಡಿತು.

"ಇದೇನ?"

"ನೋಡಲಿಲ್ಲಣ್ಣಾ..."

"ಸುಳ್ಳ ಹೇಳಬ್ಯಾಡ. ತಡಿಯಾಕಂತ ಎರಡು ನೀಲಿ ಭೂಮಿ ಬಳಸದ ಇಟ್ಕೊಂಡು ಕುಂತಿದ್ದಿ. ಆನಿ ಇಡೂವಾಗ ನನ್ನ ಎದಿ ಹೆಂಗ ಹೊಡ್ಕೊಂತಿತ್ತು ಗೊತ್ತೈತೇನು? ತಡೀತಿ ಅಂತನ ತಿಳಿದಿದ್ದೆ." ಆ ಮಂತ್ರದ ಕಾರ್ಡನ್ನು ನನ್ನತ್ತ ಸರಿಸಿ ಹೇಳಿದ: "ದವಾಖಾನಿಯಿಂದ ಬಂದಾಗಿಂದ ಎಲ್ಲಾರೂ ನಾ ಅಂದದ್ದಕ್ಕ ಹೂಂ ಅಂತಾರ. ನೀನೂ ಹಂಗ ಮಾಡಿದ್ರ ನಾ ಯಾರ ಜೋಡಿ ಆಡ್ಲಿ?"

ಮೊದಲ ಸಲದ ನಾಚಿಕೆ ಇದರ ಮುಂದೆ ಏನೂ ಅಲ್ಲ. ಅಂದು ಗೆಲ್ಲುವ ಆಸೆಗೆ ಅವನ ರೋಗ ಮರೆತಿದ್ದೆ. ಇಂದು ರೋಗ ನೋಡುತ್ತ ಅವನನ್ನೇ ಮರೆತಿದ್ದೆ. ಅತ್ತಿಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದರು. ನಾನು ಮಗುಚಿದ ಕಾರ್ಡುಗಳನ್ನು ಒಟ್ಟುಮಾಡತೊಡಗಿದೆ.

ಅಣ್ಣನೇ ನನ್ನ ಡೆಕ್ಕನ್ನು ಹತ್ತಿರಕ್ಕೆ ಎಳೆದುಕೊಂಡ. "ಬಿಳಿ ಭಾಳ ಆಗ್ಯಾವು. ಹಂಗಾಗಿ ನಡುವ ನಿಂತುಬಿಡ್ತಿ" ಎನ್ನುತ್ತ ನಾಲ್ಕಾರು ಕಾರ್ಡು ಹೊರಗೆಳೆದ. ನಾನು ವಾದಿಸಿದೆ. ಅವನೂ ಬಿಡಲಿಲ್ಲ. ಕೊನೆಗೆ ಎರಡನ್ನು ತೆಗೆದು, ಹೆಚ್ಚಿನ ಕಾರ್ಡು ಎಳೆದುಕೊಳ್ಳಲು ಬಿಡುವ ನೀಲಿ ಮಂತ್ರಗಳನ್ನು ಸೇರಿಸಿದೆವು.

ಕಲಸಿ ಮತ್ತೆ ಆಡಿದೆವು. ಈ ಸಲ ಅವನ ಆನೆಯನ್ನು ತಡೆದೆ. ಅವನು ಹುರುಪಿನಿಂದ ತೊಡೆಗೆ ಹೊಡೆದುಕೊಂಡು ನನ್ನನ್ನು ಬಾಯಿಗೆ ಬಂದಂತೆ ಬೈದ. ನಾನು ನಗಲು ನೋಡಿದೆ, ಆಗಲಿಲ್ಲ. ತಲೆ ತಗ್ಗಿಸಿಕೊಂಡೇ ಮುಂದಿನ ಕಾರ್ಡು ಎಳೆದೆ.