ನಾನು ಕರೆದ ನಾಯಿ

ಬನಶಂಕರಿ ಆರನೇ ಹಂತದ ನಮ್ಮ ಅಪಾರ್ಟ್‌ಮೆಂಟಿನ ಹಿಂಗೋಡೆಯಾಚೆ ಒಂದು ಖಾಲಿ ಸೈಟು, ಅದರಾಚೆ ಕಾಡು. ಆ ಸೈಟಿನ ಬೀದಿನಾಯಿಗಳಿಗೆ ಎರಡು ವರ್ಷ ನಾನು ಪ್ರತಿ ಸಂಜೆ ಅನ್ನ ಹಾಕುತ್ತಿದ್ದೆ. ಹಿಂದಿನ ಸಣ್ಣ ಗೇಟು ತೆಗೆದು ಸ್ಟೀಲ್ ಬಟ್ಟಲಿಗೆ ಚಮಚದಿಂದ ಮೂರು ಸಲ ಬಡಿದರೆ ಓಡಿ ಬರುತ್ತಿದ್ದವು. ಅಕ್ಕಪಕ್ಕದವರೊಡನೆ ಹೆಚ್ಚು ಮಾತಿಲ್ಲದ ನನಗೆ ಅಷ್ಟು ಸಾಕಾಗಿತ್ತು.

ನನ್ನನ್ನು ನೋಡಿ ಉಳಿದ ಮನೆಯವರೂ ಮಿಕ್ಕ ಬಿರಿಯಾನಿ, ಕೋಳಿಮೂಳೆ ತಂದು ಸುರಿಯತೊಡಗಿದರು. ಐದು ನಾಯಿಗಳು ಹದಿನಾಲ್ಕಾದವು. ಆಮೇಲೆ ಹನ್ನೊಂದು, ಆಮೇಲೆ ಒಂಬತ್ತು. ಎಲ್ಲೋ ಹೋಗಿರಬೇಕು ಅಂದುಕೊಂಡೆ.

ಹೋಗಿದ್ದು ಎಲ್ಲಿಗೆ ಎಂಬುದನ್ನು ಗೋಡೆಯ ಕ್ಯಾಮೆರಾ ತೋರಿಸಿತು. ಬೆಳಗಿನ ಜಾವ ಒಂದು ಚಿರತೆ ಕಾಂಪೌಂಡಿನ ಮೇಲೆ ಅವಸರವಿಲ್ಲದೆ ನಡೆದು, ನಾನು ಅನ್ನ ಹಾಕುವ ಜಾಗಕ್ಕೆ ಇಳಿದಿತ್ತು. ಅಂದಿನಿಂದ ಮಕ್ಕಳ ಆಟ ನಿಂತಿತು. ಅಮ್ಮ ಬಾಲ್ಕನಿ ಬಾಗಿಲಿಗೆ ಚಿಲಕ ಹಾಕಿ ಬಟ್ಟೆಗಳನ್ನು ಹಾಲಿನಲ್ಲೇ ಒಣಹಾಕಿದರು. ಒದ್ದೆ ಸೀರೆಗಳ ನಡುವೆ ಕೂತು ನಾನು ಆಫೀಸಿನ ಕೆಲಸ ಮಾಡುತ್ತಿದ್ದೆ.

ಬೇಸ್‌ಮೆಂಟಿನಲ್ಲಿ ಸಭೆ ನಡೆಯಿತು. ಅರಣ್ಯ ಇಲಾಖೆಯಿಂದ ಒಬ್ಬರು ಬಂದಿದ್ದರು.

"ಇದು ಯಾರ ತಂಟೆಗೂ ಬಂದಿಲ್ಲ ಸಾರ್," ಎಂದರು. "ನೀವು ಊಟ ಹಾಕೋದು ನಿಲ್ಲಿಸಿದ್ರೆ ನಾಯಿ ಕಮ್ಮಿ ಆಗ್ತವೆ. ನಾಯಿ ಇಲ್ದಿದ್ರೆ ಇದೂ ಈ ಕಡೆ ಬರಲ್ಲ. ಹಾಕ್ತಿರೋದು ಯಾರು?"

ಮೂರನೇ ಮಹಡಿಯ ಆಂಟಿ, "ಹಸಿ ಕಸ, ಒಣ ಕಸ ಬೇರೆ ಬೇರೆ ಮಾಡಿ ಕೊಡೋ ಜನ ನಾವು. ನಾವ್ಯಾಕೆ ಹೊರಗೆ ಚೆಲ್ಲೋಣ?" ಎಂದರು.

ಅಲ್ಲಿ ಕೈ ಎತ್ತಬೇಕಿತ್ತು. ನಾನು ಎದುರಿಗಿದ್ದ ಕಾರಿನ ಟೈರು ನೋಡುತ್ತಾ ಕೂತೆ.

"ಹಾಗಾದ್ರೆ ಹಿಡ್ಕೊಂಡು ಹೋಗಿ ಸಾರ್," ಎಂದರು ಕಮಿಟಿಯ ಅಧ್ಯಕ್ಷರು. "ಅದು ಯಾಕೆ ಬಂತು ಅಂತ ಪಿಎಚ್‌ಡಿ ಮಾಡೋಕೆ ನಮಗೆ ಟೈಮಿಲ್ಲ."

ಬೋನು ಬಂತು. ಅದರ ಹಿಂಭಾಗದಲ್ಲಿ, ಸರಳುಗಳಾಚೆ, ಒಂದು ನಾಯಿಯನ್ನು ಇಡಬೇಕು; ಚಿರತೆ ಅದಕ್ಕೆ ಬರುತ್ತದೆ, ನಾಯಿಗೆ ಏನೂ ಆಗುವುದಿಲ್ಲ ಎಂದರು ಅರಣ್ಯದವರು. ಆದರೆ ಎರಡು ದಿನವಾದರೂ ಒಂದು ನಾಯಿಯೂ ಸಿಗಲಿಲ್ಲ. ಗದಗದ ಕಡೆಯ ನಮ್ಮ ಸೆಕ್ಯುರಿಟಿಯವನು ಬಾಗಿಲು ತಟ್ಟಿದ.

"ಅಕ್ಕಾರ, ಒಂದೂ ಕೈಗೆ ಸಿಗವಲ್ವು. ನಿಮ್ಮ ಬಟ್ಟಲ ಸಪ್ಪಳಕ್ಕಷ್ಟ ಬರ್ತಾವ. ಒಂದ್ಸಲ ಕರೀರಿ."

ಆಗುವುದಿಲ್ಲ ಎಂದರೆ ಯಾಕೆ ಎಂದು ಎಲ್ಲರ ಎದುರು ಹೇಳಬೇಕಾಗುತ್ತಿತ್ತು. ಚಪ್ಪಲಿ ಮೆಟ್ಟಿ ಇಳಿದೆ. ಅರಣ್ಯದವರು ಬೋನಿನ ಪಕ್ಕ ನಿಂತಿದ್ದರು. ಬಟ್ಟಲನ್ನು ಬೋನಿನ ಹಿಂಭಾಗದೊಳಗಿಟ್ಟು ಮೂರು ಸಲ ಬಡಿದೆ. ಕಿವಿ ಹರಿದ ಕಂದು ನಾಯಿ ಮೊದಲು ಬಂತು. ನನ್ನ ಮುಖ ನೋಡಿ, ಬಾಲ ಆಡಿಸುತ್ತಾ ಒಳಗೆ ಹೋಯಿತು. ಬಾಗಿಲು ಇಳಿಸಿದ್ದು ಸೆಕ್ಯುರಿಟಿಯವನು.

ಅದಾದ ಮೂರನೆಯ ಬೆಳಿಗ್ಗೆ ಚಿರತೆ ಬೋನಿಗೆ ಬಿದ್ದಿತ್ತು. ನಾವು ಹೋಗುವ ಹೊತ್ತಿಗೆ ಗರ್ಜನೆಯೂ ನಿಂತು, ಬರೀ ಏದುಸಿರು ಕೇಳುತ್ತಿತ್ತು. ಸರಳು ಕಚ್ಚಿ ಕಚ್ಚಿ ಅದರ ಬಾಯಿ ರಕ್ತವಾಗಿತ್ತು. ಹಿಂದಿನ ಮೂಲೆಯಲ್ಲಿ ನಾಯಿ ಮುದುಡಿ ನಡುಗುತ್ತಿತ್ತು. ಸುತ್ತಲೂ ಫೋನುಗಳು.

"ಸಖತ್ ದೊಡ್ಡದಿದೆ," ಎಂದರು ಅಧ್ಯಕ್ಷರು.

"ಇನ್ನೂ ಚಿಕ್ಕ ವಯಸ್ಸು ಸಾರ್," ಎಂದರು ಅರಣ್ಯದವರು. "ಮೇಲಿನ ಎರಡೂ ಕೋರೆ ಮುರ್ಕೊಂಡಿದೆ. ಕಾಡಿಗೆ ಬಿಟ್ರೆ ಬೇಟೆ ಆಡೋಕಾಗಲ್ಲ. ಇರೋವರೆಗೂ ಇನ್ನು ಬೋನೇ."

ಜನ ಚದುರಿದ ಮೇಲೆ ಅವರ ಬಳಿ ಹೋದೆ. "ಸಾರ್, ಊಟ ಹಾಕ್ತಿದ್ದಿದ್ದು ನಾನು."

ಅವರು ಹಗ್ಗ ಬಿಗಿಯುವುದನ್ನು ನಿಲ್ಲಿಸಲಿಲ್ಲ. "ನಾಯಿ ನಿಮ್ಮ ಬಟ್ಟಲ ಸದ್ದಿಗೆ ಬಂದಾಗಲೇ ಗೊತ್ತಾಯ್ತು ಮೇಡಂ. ಸಭೇಲಿ ಹೇಳಿದ್ದಿದ್ರೆ ಬೋನು ಬೇಡ ಅನ್ನೋಕೆ ನನಗೊಂದು ಕಾರಣ ಸಿಗ್ತಿತ್ತು." ನಾಯಿಯನ್ನು ಹೊರಗೆ ಬಿಟ್ಟು ಬಟ್ಟಲನ್ನು ನನ್ನ ಕೈಗೆ ಕೊಟ್ಟರು. ನಾಯಿ ನನ್ನನ್ನು ದಾಟಿ ಓಡಿತು.

ಹಿಂದಿನ ಗೇಟಿಗೆ ಈಗ ಬೀಗವಿದೆ. ಆದರೂ ಸಂಜೆಯಾದರೆ ನಾಯಿಗಳು ಗೋಡೆಯಾಚೆ ಬಂದು ಕೂರುತ್ತವೆ. ಮೂರನೇ ಮಹಡಿಯಿಂದ ಊಟದ ಕವರು ಬೀಳುವುದು ಕೇಳಿಸುತ್ತದೆ. ಆ ಹೊತ್ತಿಗೆ ನಾನು ಅಡುಗೆಮನೆಯಲ್ಲಿದ್ದರೆ ತಟ್ಟೆ, ಚಮಚಗಳನ್ನು ಸದ್ದಾಗದಂತೆ ಎತ್ತಿಡುತ್ತೇನೆ.