ಮುಂದಿನ ಸುತ್ತಿನ ಗಾಳಿ

ಆ ದಿನ ನನ್ನ ಪಿಎಚ್‌ಡಿ ಗೈಡ್ ಎದುರು ದನಿ ಏರಿಸಿದೆನೋ, ಅಥವಾ ಅವರ ಮನೆಯಿಂದ ಹೊರಟ ಮೇಲೆ ದಾರಿಯುದ್ದಕ್ಕೂ ಒಬ್ಬನೇ ಗೊಣಗಿ ಅದನ್ನೇ ಜಗಳವೆಂದು ನೆನಪಿಟ್ಟುಕೊಂಡೆನೋ, ಈಗ ಹೇಳಲಾರೆ. ಜೊತೆಗೆ ಬಂದಿದ್ದ ಗೆಳೆಯ, "ನೀನು ಬಾಯೇ ಬಿಡ್ಲಿಲ್ಲ ಗುರು, ಇಡ್ಲಿ ತಿಂತಾ ಕೂತಿದ್ದೆ" ಅನ್ನುತ್ತಾನೆ. ಇಡ್ಲಿಯ ನೆನಪೇ ನನಗಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿತ್ತು. ನನ್ನ ಪ್ರಬಂಧದ ಅತಿ ದೊಡ್ಡ ಅಧ್ಯಾಯ ಮಂಗಳ ಗ್ರಹದ ಗಾಳಿಯ ಮೇಲಿತ್ತು. ಅಲ್ಲಿಗೆ ಹೋದ ನೌಕೆ ಮೊದಲು ಉದ್ದನೆಯ ಮೊಟ್ಟೆಯಾಕಾರದ ದಾರಿಯಲ್ಲಿ ಸುತ್ತುತ್ತದೆ. ಇಂಧನ ಉಳಿಸಲು, ಪ್ರತಿ ಸುತ್ತಿನಲ್ಲೂ ಗ್ರಹಕ್ಕೆ ಹತ್ತಿರವಾದಾಗ ಅದನ್ನು ಮೇಲಿನ ತೆಳು ಗಾಳಿಯಲ್ಲಿ ಮುಳುಗಿಸಿ ತೆಗೆಯುತ್ತಾರೆ. ಗಾಳಿ ಉಜ್ಜಿ ವೇಗ ತಗ್ಗುತ್ತದೆ, ದಾರಿ ಕಿರಿದಾಗುತ್ತದೆ. ಜಾಸ್ತಿ ಮುಳುಗಿದರೆ ಸೌರ ಫಲಕ ಸುಟ್ಟೀತು. ಕಡಿಮೆಯಾದರೆ ಕೆಲಸ ತಿಂಗಳುಗಟ್ಟಲೆ ಎಳೆಯುತ್ತದೆ. ಹಾಗಾಗಿ ಮುಂದಿನ ಸುತ್ತಿಗೆ ಗಾಳಿ ಎಷ್ಟು ದಟ್ಟವಾಗಿರುತ್ತದೆಂದು ಮೊದಲೇ ತಿಳಿಯಬೇಕು. ಸೂರ್ಯ, ಋತು, ಧೂಳು ಎಲ್ಲ ಸೇರಿಸಿ ಅದನ್ನು ಹೇಳಬೇಕಾದ ಸಮೀಕರಣ ನನ್ನದು.

ಅದು ಹೇಳುತ್ತಿರಲಿಲ್ಲ. ಒಂದು ನೌಕೆ ಅಳೆದು ಕಳಿಸಿದ ಅಂಕಿಗಳ ಪಕ್ಕ ನನ್ನವನ್ನು ಇಟ್ಟರೆ, ಈ ಸುತ್ತಿಗೆ ಹತ್ತಿರ ಬಂತು ಅನ್ನುವಷ್ಟರಲ್ಲಿ ಮುಂದಿನದರಲ್ಲಿ ಎಲ್ಲೋ ಹೋಗಿರುತ್ತಿತ್ತು. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಯಾರಾದರೂ ಫ್ಯಾನ್ ಹಾಕಿದರೂ ಸಿಟ್ಟು ಬರುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಬಸವನಗುಡಿಯಲ್ಲಿದ್ದ ಗೈಡ್ ಮನೆಗೆ ಹೋದೆವು. ಅವರು ನನ್ನ ಗ್ರಾಫುಗಳನ್ನೆಲ್ಲ ನೋಡಿ ಕನ್ನಡಕ ತೆಗೆದರು.

"ಹೋದ ನಾಲ್ಕೈದು ಸುತ್ತಿನ ಸರಾಸರಿ ತಗೊಳಪ್ಪ. ಮುಂದಿಂದೂ ಹಂಗೇ ಇರತ್ತೆ ಅನ್ಕೋ. ಹುಷಾರಿಗೆ ನೌಕೆನ ಒಂಚೂರು ಮೇಲೇ ಇಡು."

"ಅದು ಬರೀ ಅಂದಾಜು, ಸಾರ್."

"ಮತ್ತೆ ನಿಂದೇನು? ಕಂಪ್ಯೂಟರ್ ಹಾಕಿ ಮಾಡಿದ ಅಂದಾಜು. ಸರಾಸರಿನೇ ನಿಂದಕ್ಕಿಂತ ಹತ್ರ ಬಂದ್ರೆ ಈ ಅಧ್ಯಾಯ ಯಾಕಿರ್ಬೇಕು, ನೀನೇ ಹೇಳು."

ಮನೆಗೆ ಬಂದು ಲೆಕ್ಕ ಹಾಕಿದೆ. ಸರಾಸರಿಯೇ ಹತ್ತಿರ ಬಂತು. ಇನ್ನೊಮ್ಮೆ ಹಾಕಿದೆ, ಆಗಲೂ ಅದೇ. ಅಧ್ಯಾಯ ಹೋಯಿತು, ಉಳಿದದ್ದರ ಮೇಲೆ ಹೇಗೋ ಪದವಿ ಬಂತು. ಯಾಕೆ ಎಂದು ಹೇಳಲಾಗದ ಲೆಕ್ಕವೊಂದು ಗೆಲ್ಲುವುದನ್ನು ನಾನು ಇವತ್ತಿಗೂ ಸಹಿಸಲಾರೆ.

ಕೆಲವು ವರ್ಷಗಳ ನಂತರ ಮಲ್ಲೇಶ್ವರದ ಸೈಬರ್ ಕೆಫೆಯೊಂದರಲ್ಲಿ ಕೂತು, ಆ ನೌಕೆಯನ್ನು ನಿಜವಾಗಿ ನಡೆಸಿದವರು ಬರೆದ ವರದಿಯನ್ನು ಹುಡುಕಿ ತೆಗೆದೆ. ನನ್ನಂಥದೇ ಒಂದು ಸಮೀಕರಣ ಅವರ ಕೈ ಹಿಡಿದಿರಬೇಕು ಎಂಬ ಆಸೆ ಇನ್ನೂ ಇತ್ತು. ಅವರ ಬಳಿ ಮಂಗಳದ ಗಾಳಿಯ ಮಾದರಿ ಇತ್ತು, ನಿಜ. ಮುಂದಿನ ಸುತ್ತಿಗೆ ಹೊರಡುವ ಮೊದಲು, ಹಿಂದಿನ ಕೆಲವು ಸುತ್ತುಗಳಲ್ಲಿ ಅಳೆದದ್ದರ ಸರಾಸರಿಯಿಂದ ಅದನ್ನು ತಿದ್ದಿಕೊಳ್ಳುತ್ತಿದ್ದರು.