ಹಸಿರು ಹೊಟ್ಟೆಯ ಪುಟಾಣಿಗಳು

ನಮ್ಮತ್ತೆಗೆ ಕೂತಲ್ಲಿ ಕೂರುವ ಜಾಯಮಾನವೇ ಇಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು. ಊಟದ ನಡುವೆ ಎದ್ದು ಹೋಗಿ ಮೀನುಮರಿಗಳು ಉಂಡವೋ ಇಲ್ಲವೋ ನೋಡಿ ಬರುತ್ತಾರೆ. ಸೊಸೆ ಉಂಡಳೋ ಇಲ್ಲವೋ, ಅದನ್ನು ಕೇಳುವವರು ಯಾರು!

ನಾವಿಬ್ಬರೂ ದುಡಿಯುವುದು ಕಡಲ ದಂಡೆಯ ಮೀನುಮರಿ ಸಾಕಣೆ ಕೇಂದ್ರದಲ್ಲಿ. ಮರಿಗಳಿಗೆ ಉಣಿಸುವುದು ಅತ್ತೆಯ ಕೆಲಸ. ಉಣಿಸೆಂದರೆ ಮೂಟೆಯಲ್ಲಿ ಬರುವುದಲ್ಲ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ತೆಳು ಬಟ್ಟೆಯ ಬಲೆ ಎಳೆದು ಹಿಡಿಯುವ, ಸಾಸಿವೆಗಿಂತ ಸಣ್ಣ ಸಿಗಡಿ ಜಾತಿಯ ಜೀವಗಳು. ಓದಿದವರು ಪ್ಲಾಂಕ್ಟನ್ ಎನ್ನುತ್ತಾರೆ, ಅತ್ತೆಗೆ ಅವು ಪುಟಾಣಿಗಳು. ಗಾಜಿನ ಲೋಟದಲ್ಲಿ ತುಂಬಿ, ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡುತ್ತಾರೆ. ಮೈ ಗಾಜಿನಂಥದು, ತಿಂದದ್ದೆಲ್ಲ ಹೊರಗೆ ಕಾಣುತ್ತದೆ. ಹೊಟ್ಟೆ ಹಸಿರಾಗಿದ್ದರೆ ಪಾಚಿ ತಿಂದು ಕೊಬ್ಬಿವೆ ಎಂದು ಲೆಕ್ಕ.

ಈ ಸಲ ಆಗಲೇ ಎರಡು ತಂಡ ಮರಿಗಳು ಸತ್ತಿದ್ದವು. "ಇವೂ ಹೋದ್ರೆ ಗೇಟಿಗೆ ಬೀಗ ಅಷ್ಟೇ" ಎಂದು ಕೇಂದ್ರದ ಯಜಮಾನರು ಹೇಳಿಬಿಟ್ಟಿದ್ದರು. ಅಂದಿನಿಂದ ಅತ್ತೆಗೆ ನಿದ್ದೆಯಿಲ್ಲ, ಅವರಿಂದಾಗಿ ನನಗೂ ಇಲ್ಲ.

ಅವತ್ತು ಬಲೆ ಎತ್ತಿದವರೇ ಕುಣಿದಾಡಿಬಿಟ್ಟರು. "ನೋಡೇ ಇಲ್ಲಿ, ಒಂದೊಂದರ ಹೊಟ್ಟೇನೂ ಹಸಿರೋ ಹಸಿರು!"

ಬಕೆಟ್ಟುಗಟ್ಟಲೆ ತಂದು ತೊಟ್ಟಿಗೆ ಸುರಿದೆವು. ಮರಿಗಳು ಮುಗಿಬಿದ್ದು ತಿಂದವು. ಸಂಜೆಯ ಹೊತ್ತಿಗೆ ಸೋತು ಮೇಲೆ ತೇಲತೊಡಗಿದವು. "ಹಸಿವು ಕಣೇ, ಇನ್ನಷ್ಟು ಹಾಕು" ಎಂದರು. ಹಾಕಿದೆ. ಮರುದಿನ ಅರ್ಧ ತೊಟ್ಟಿ ಹೆಣ. ಸತ್ತ ಮರಿಗಳ ಹೊಟ್ಟೆಯೂ ತುಂಬಿತ್ತು!

ಅತ್ತೆ ಲೋಟದ ಪುಟಾಣಿಗಳನ್ನು ಬಿಳಿ ಕರವಸ್ತ್ರದ ಮೇಲೆ ಸುರಿದು ಉಗುರಿನಿಂದ ಅರೆದರು. ಪಾಚಿಯಾಗಿದ್ದರೆ ಹಸಿರು ಕಲೆ ಹಿಡಿಯಬೇಕಿತ್ತು. ಬಟ್ಟೆ ಬೆಳ್ಳಗೇ ಉಳಿಯಿತು. ಬೆರಳಿಗೆ ಸಿಕ್ಕಿದ್ದು ಹಸಿರು ಪುಡಿ, ಮರಳಿನ ಹಾಗೆ ಒರಟು. ಅತ್ತೆಯ ಮುಖ ಕಪ್ಪಿಟ್ಟಿತು.

ಮೀನುಗಾರರ ಹಸಿರು ನೈಲಾನ್ ಬಲೆಯ ಪುಡಿ ಅದು, ಬಣ್ಣ ನೋಡಿದರೇ ಗೊತ್ತಾಗುತ್ತಿತ್ತು. ದಂಡೆಗೆ ಬಂದು ಬೀಳುವ ಹರಕು ಬಲೆಗಳನ್ನು ಕತ್ತರಿಸಿ ತೊಳೆಯುವ ಶೆಡ್ಡು ಊರಲ್ಲಿ ಇರುವುದೇ ಒಂದು. ಅಲ್ಲಿ ತೊಳೆಯುವವನು ನನ್ನ ಗಂಡ.

"ತೊಳೆದ ನೀರು ಎಲ್ಲಿಗೆ ಬಿಡ್ತೀಯೋ?" ಮನೆಗೆ ಬಂದವನನ್ನು ಅತ್ತೆ ಹೊಸ್ತಿಲಲ್ಲೇ ತಡೆದು ಕೇಳಿದರು.

"ಅಳಿವೆಗೆ. ಇನ್ನೆಲ್ಲಿಗೆ? ಕಡಲು ಕ್ಲೀನ್ ಮಾಡೋ ಕೆಲಸ, ಪುಣ್ಯ ಬರುತ್ತೆ ಅಂತ ನೀನೇ ಅಲ್ವಾ ಸೇರಿಸಿದ್ದು?"

ಅತ್ತೆ ಹೊಸ್ತಿಲು ಬಿಟ್ಟು ಸರಿದರು. ಬೆಳಗಾದ ಮೇಲೆ ಯಜಮಾನರ ಎದುರು ನಿಂತು, "ವಿಷ ಬಂದಿದ್ದು ನನ್ನ ಮಗನ ಕೈಯಿಂದ. ಆ ನೀರು ನಿಲ್ಲಿಸಿ" ಎಂದುಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಮೀನುಮರಿಗಾಗಿ ಹೆತ್ತ ಮಗನನ್ನು ಬೀದಿಗೆ ತರುವ ತಾಯಿಯನ್ನು ಎಲ್ಲಿಯಾದರೂ ಕಂಡಿದ್ದೀರಾ? ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಯಜಮಾನರು ಹೇಳಿದ ಮೇಲೆ ಶೆಡ್ಡಿನವರು ಮೋರಿಗೆ ಗೋಣಿಚೀಲ ತುರುಕಿದರು, ನನ್ನ ಗಂಡನನ್ನು ಕೆಲಸದಿಂದ ಬಿಡಿಸಿ ಮನೆಗೆ ಕಳಿಸಿದರು.

ಉಳಿದ ಮರಿಗಳಿಗೆ ಉಣಿಸು ಬೇಕಿತ್ತು. ಅಳಿವೆಯದು ಬೇಡ, ದೂರದ ಕಡಲಿನದು ಬೇಕು, ಅದಕ್ಕೆ ದೋಣಿ ನಡೆಸುವವರು ಬೇಕು. ಅತ್ತೆ ಮಗನ ಮುಂದೆ ಹೋಗಿ ನಿಂತರು. ಅವನು ಗೊಣಗುತ್ತಲೇ ಎದ್ದ. ಬಕೆಟ್ಟು ಹಿಡಿದು ನಾನೂ ಹತ್ತಿದೆ, ಮಾತು ಬಿಟ್ಟಿದ್ದರೇನು, ಕೆಲಸ ಬಿಡಲಾಗುತ್ತದೆಯೇ?

ದಂಡೆ ಕಾಣದಷ್ಟು ದೂರದಲ್ಲಿ ಬಲೆ ಎಳೆದೆವು. ಹೊಟ್ಟೆಗಳು ಹಸಿರಾಗಿದ್ದವು. ಹಸಿರನ್ನು ಕಂಡರೆ ಅತ್ತೆಗೆ ಈಗ ಹೆದರಿಕೆ. ಉಗುರಿನಿಂದ ಬಟ್ಟೆಯ ಮೇಲೆ ಅರೆದರು. ಹಸಿರು ಕಲೆ ಹಿಡಿಯಿತು. ನಾನು ಬಕೆಟ್ಟು ಮುಂದಿಟ್ಟೆ.

ಗಂಡ ನೀರನ್ನೇ ನೋಡುತ್ತಿದ್ದ. "ಅಮ್ಮಾ, ಆ ಪುಡಿ ನಾಳೆ ಇಲ್ಲಿಗೂ ಬರಲ್ವಾ?"

"ಬರುತ್ತೆ ಕಣೋ" ಎಂದರು ಅತ್ತೆ. "ಬೇಗ ಹುಟ್ಟು ಹಾಕು, ಮರಿಗಳು ಹಸಿದಿವೆ."